ಕೆಡಹುವುದೋ, ಬಿಚ್ಚುವುದೋ

ವರದಾಂಬೆಯ ದರ್ಶನ ಮುಗಿಸಿ ತೀರ್ಥದ ಮೆಟ್ಟಿಲ ಮೇಲೆ ಮೂವರು ಕೂತಿದ್ದರು. ಸಾಗರದಿಂದ ಆರೇಳು ಕಿಲೋಮೀಟರ್ ದೂರದ ಈ ವರದಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿಕೊಂಡು ಹೋಗಿ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಅಂದಿನ ಮಾತು ಮಾತ್ರ ನದಿಯ ದಾರಿ ಹಿಡಿಯದೆ ಬೆಂಗಳೂರಿನ ಕಡೆ ಹರಿಯಿತು.

ಒಬ್ಬರು ಬೆಂಗಳೂರಿನಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾಗಿ ಸಾಗರಕ್ಕೆ ಮರಳಿದ ಹಿರಿಯರು. ಇನ್ನೊಬ್ಬಳು ಅವರ ತಂಗಿಯ ಮಗಳು, ವಾಸ್ತುಶಿಲ್ಪ ಕಲಿಸುವ ಉಪನ್ಯಾಸಕಿ. ಮೂರನೆಯವರು ಹೊಸನಗರ ಕಡೆಯ ಅಡಿಕೆ ಬೆಳೆಗಾರ, ಹಿರಿಯರ ಸಹಪಾಠಿ. ಆಕೆ ಅವತ್ತು ರಾತ್ರಿಯ ರೈಲಿಗೆ ಹೊರಡುವವಳಿದ್ದಳು. ಮರುದಿನ ತರಗತಿಗೆ ಹೊಸ ಅಭ್ಯಾಸವೊಂದನ್ನು ಕೊಡಬೇಕಿತ್ತು.

“ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಗೊತ್ತಲ್ಲ ಮಾವ? ಅದನ್ನು ನಿಮ್ಮ ಕೈಗೆ ಕೊಟ್ಟರೆ ಏನು ಮಾಡುತ್ತೀರಿ ಅಂತ ಮಕ್ಕಳನ್ನು ಕೇಳಬೇಕು ಅಂದುಕೊಂಡಿದ್ದೇನೆ.”

“ಗೊತ್ತಿಲ್ಲದೆ ಉಂಟೇ!” ಎಂದರು ಹಿರಿಯರು. “ನಾನು ಬೆಂಗಳೂರಿಗೆ ಹೋದ ಹೊಸತರಲ್ಲಿ ಊರಿನಿಂದ ಯಾರು ಬಂದರೂ ವಿಧಾನಸೌಧ, ಕಬ್ಬನ್ ಪಾರ್ಕ್ ತೋರಿಸಿ ಕೊನೆಗೆ ಅದರ ಬುಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ತಲೆ ಎತ್ತಿ ಮಹಡಿ ಎಣಿಸುವುದೇ ಒಂದು ಕೆಲಸ.”

ಎಣಿಸಬೇಕಾದ ಕಟ್ಟಡವೇ ಅದು. 1970ರ ದಶಕದಲ್ಲಿ ನಗರಪಾಲಿಕೆ ಎತ್ತಿ ನಿಲ್ಲಿಸಿದ, ಇಪ್ಪತ್ತಕ್ಕೂ ಹೆಚ್ಚು ಮಹಡಿಯ ಈ ಸಂಕೀರ್ಣ ಬಹುಕಾಲ ಬೆಂಗಳೂರಿನ ಅತಿ ಎತ್ತರದ ಕಟ್ಟಡಗಳಲ್ಲೊಂದಾಗಿತ್ತು. ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು. ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರಿಟ್ಟಿದ್ದರೂ ಜನರ ಬಾಯಲ್ಲಿ ಅದು ಯುಟಿಲಿಟಿ ಬಿಲ್ಡಿಂಗೇ. ಅದರ ಅಂಗಳದಲ್ಲೇ ಸಿಂಫನಿ ಎಂಬ ಚಿತ್ರಮಂದಿರವಿತ್ತು, ಮುಂದೆ ಅದಕ್ಕೆ ಶಂಕರ್‌ನಾಗ್ ಹೆಸರು ಬಂತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಬೆಂಗಳೂರಿನ ಮೊದಲ ಮೆಟ್ರೊ ಓಡಿದಾಗ ಕೊನೆಯ ನಿಲ್ದಾಣ ಅದರ ಸಮೀಪದಲ್ಲೇ ತೆರೆಯಿತು. ನಗರಕ್ಕೆ ಮೆಟ್ರೊ ಬೇಕೆಂದು 1980ರ ದಶಕದಲ್ಲೇ ಕನಸು ಕಂಡಿದ್ದ ಶಂಕರ್‌ನಾಗ್ 1990ರಲ್ಲೇ ತೀರಿಕೊಂಡಿದ್ದರು. ಅವರ ಹೆಸರಿನ ಚಿತ್ರಮಂದಿರ ಮಾತ್ರ ಆ ಮೊದಲ ಮೆಟ್ರೊದ ದಾರಿಯಲ್ಲೇ ಇತ್ತು. ಅದೇ ನಿಲ್ದಾಣದಡಿಗೆ ಕಾಳೇನ ಅಗ್ರಹಾರ–ನಾಗವಾರದ ಗುಲಾಬಿ ಮಾರ್ಗವೂ ಸುರಂಗದಲ್ಲಿ ಬಂದು ಕೂಡುವಂತೆ ಯೋಜಿಸಲಾಗಿದೆ.

“ಹಾಗಾದರೆ ಕೇಳುವುದೆಂತ?” ಎಂದರು ಹಿರಿಯರು. “ಐವತ್ತು ವರ್ಷ ಆಯಿತು. ಕೆಡವಿ ಹೊಸದು ಕಟ್ಟಬೇಕು. ಎರಡು ಮೆಟ್ರೊ ಸೇರುವ ಜಾಗದಲ್ಲಿ ಹಳೇ ಕಾಲದ ಕಚೇರಿ ಇಟ್ಟುಕೊಂಡು ಕೂರುವುದು ನಷ್ಟ.”

“ಅದೂ ಒಂದು ಉತ್ತರವೇ,” ಎಂದಳು ಆಕೆ. “2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಮಹಾಯೋಜನೆ ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗಿನ ಜಾಗಕ್ಕೆ ನಾಲ್ಕರ ಎಫ್‌ಎಆರ್ ಕೊಟ್ಟಿತು. ಅಂದರೆ ಹತ್ತು ಗುಂಟೆ ನೆಲವಿದ್ದರೆ ಮಹಡಿಗಳೆಲ್ಲ ಸೇರಿ ನಲವತ್ತು ಗುಂಟೆಯಷ್ಟು ಕಟ್ಟಬಹುದು. ರೈಲು ಇಳಿದು ನಡೆದೇ ಹೋಗುವಷ್ಟು ಹತ್ತಿರದಲ್ಲಿ ಹೆಚ್ಚು ಜನ ಕೆಲಸ ಮಾಡಲಿ, ಕಾರು ಕಡಿಮೆಯಾಗಲಿ ಅನ್ನುವುದು ಅದರ ಹಿಂದಿನ ಲೆಕ್ಕ. ಲೆಕ್ಕ ಸರಿಯೇ ಇದೆ.”

ಅಲ್ಲಿಯವರೆಗೂ ಕವಳ ಹಾಕುವುದರಲ್ಲಿ ಮಗ್ನರಾಗಿದ್ದ ಬೆಳೆಗಾರರು ತಲೆ ಎತ್ತಿದರು.

“ಆ ಹತ್ತಿರ ಅನ್ನುವುದನ್ನು ಮಾಡಿದ್ದು ಯಾರು?”

“ಅಂದರೆ?”

“ಕಳೆದ ವರ್ಷದ ಜುಲೈ ತನಕ, ಅಂದರೆ 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಗುವ ತನಕ, ಶರಾವತಿಯ ಹಿನ್ನೀರು ದಾಟಲು ತುಮರಿಯವರು ಲಾಂಚಿಗೆ ಕಾಯಬೇಕಿತ್ತು. ಈಗ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರು ಸೇತುವೆ ಮೇಲೆ ಬೀಸಾಗಿ ಹೋಗಬಹುದು. ಆಚೆ ದಡದಲ್ಲಿ ಜಾಗ ಇರುವವನು ಒಂದು ಕಲ್ಲನ್ನೂ ಕದಲಿಸಲಿಲ್ಲ, ಆದರೂ ಅವನ ಜಾಗಕ್ಕೆ ಬೆಲೆ ಬರುತ್ತದೆ. ಬೆಲೆ ತಂದಿದ್ದು ಸರ್ಕಾರದ ದುಡ್ಡು. ನಿಮ್ಮ ಮೆಟ್ರೊ ಪಕ್ಕದ ಕಟ್ಟಡದ್ದೂ ಅದೇ ಕತೆಯಲ್ಲವೇ? ರೈಲು ತಂದಿದ್ದು ಎಲ್ಲರ ದುಡ್ಡು. ಆ ಕಟ್ಟಡವಾದರೂ ಎಲ್ಲರದ್ದೇ. ಅಂದಮೇಲೆ ಲಾಭದ ಪಾಲು ಮೊದಲು ಯಾರಿಗೆ ಅಂತ ನಿಮ್ಮ ಮಕ್ಕಳು ಬರೆಯಬೇಕು.”

ಉಪನ್ಯಾಸಕಿ ಟಿಪ್ಪಣಿ ಪುಸ್ತಕ ತೆಗೆದಳು. ಆ ಮಾತಿಗೆ ಪುಷ್ಟಿಯಾಗಿ ಅವಳಿಗೆ ಇನ್ನೊಂದು ಸಂಗತಿ ನೆನಪಾಯಿತು. ದಶಕದ ಹಿಂದೆ ಪಾಲಿಕೆ ಹುಡ್ಕೊ ಸಾಲಕ್ಕಾಗಿ ತನ್ನ ಆಸ್ತಿಗಳನ್ನು ಅಡವಿಟ್ಟಾಗ ಆ ಪಟ್ಟಿಯಲ್ಲಿ ಯುಟಿಲಿಟಿ ಬಿಲ್ಡಿಂಗಿನ ಹೆಸರೂ ಇತ್ತು. ಆಮೇಲೆ ಸಾಲ ತೀರಿಸಿ ಬಿಡಿಸಿಕೊಂಡರು. ನಗರ ಕಷ್ಟದಲ್ಲಿದ್ದಾಗ ಕೈಗೆ ಸಿಗುವ ಒಡವೆಯಂಥ ಕಟ್ಟಡ ಇದು. ಅಂಥದ್ದನ್ನು ಅರುವತ್ತೋ ತೊಂಬತ್ತೋ ವರ್ಷದ ಗುತ್ತಿಗೆಗೆ ಒಪ್ಪಿಸಿದರೆ ಮೂರು ತಲೆಮಾರಿನ ಮಟ್ಟಿಗೆ ಅದು ಕೈಬಿಟ್ಟಂತೆಯೇ ಎಂದು ಅವಳು ವಿವರಿಸಿದಳು.

ಹಿರಿಯರು ಬಿಡಲಿಲ್ಲ. “ಯಾರದ್ದಾದರೂ ಆಗಲಿ, ಮುಪ್ಪು ಮುಪ್ಪೇ. ಕಬ್ಬಿಣ ತುಕ್ಕು ಹಿಡಿದು ಚಾವಣಿ ಉದುರಿದರೆ ಗತಿ ಏನು?”

“ಅದನ್ನು ನೋಡಿಯೇ ಹೇಳಬೇಕು, ವಯಸ್ಸು ಕೇಳಿ ಹೇಳುವುದಲ್ಲ,” ಎಂದಳು ಆಕೆ. “ಕಾಂಕ್ರೀಟು ಕ್ಷಾರಗುಣದ್ದು. ಆ ಕ್ಷಾರ ಇರುವವರೆಗೆ ಒಳಗಿನ ಕಬ್ಬಿಣಕ್ಕೆ ರಕ್ಷಣೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಒಳಗಿಳಿಯುತ್ತ ಆ ಗುಣವನ್ನು ಕೊಲ್ಲುತ್ತದೆ. ಅದು ಕಂಬಿಯ ಮಟ್ಟ ಮುಟ್ಟಿತೋ, ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಎಷ್ಟು ಆಳಕ್ಕೆ ಇಳಿದಿದೆ ಅಂತ ಕಂಡುಹಿಡಿಯಲು ಕಂಬದಿಂದ ಒಂದು ತುಂಡು ಕೊರೆದು ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಜೀವ ಇರುವ ಭಾಗ ಗುಲಾಬಿಯಾಗುತ್ತದೆ, ಸತ್ತ ಭಾಗ ಬಣ್ಣ ತಿರುಗುವುದೇ ಇಲ್ಲ.”

“ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾದ ಹಾಗೆ,” ಎಂದರು ಬೆಳೆಗಾರರು, ತಮ್ಮ ಸುಣ್ಣದ ಡಬ್ಬಿ ತೋರಿಸುತ್ತ.

“ಹಾಗೆಯೇ. ಎರಡೂ ಕ್ಷಾರ ಪತ್ತೆ ಮಾಡುವ ಉಪಾಯ. ಅದರ ಜೊತೆಗೆ ಸುತ್ತಿಗೆಯ ಪುಟಿತ ಅಳೆಯುತ್ತಾರೆ, ಶಬ್ದದ ಅಲೆ ಎಷ್ಟು ವೇಗವಾಗಿ ಕಂಬ ದಾಟುತ್ತದೆ ಅಂತ ನೋಡುತ್ತಾರೆ. ಬಡಕಲಾದ ಕಂಬಕ್ಕೆ ಕಾಂಕ್ರೀಟಿನ ಅಂಗಿಯನ್ನೋ ಕಾರ್ಬನ್ ನಾರಿನ ಪಟ್ಟಿಯನ್ನೋ ಸುತ್ತಿ ಬಲ ಕೊಡುತ್ತಾರೆ. ಈ ಪರೀಕ್ಷೆಗಳ ವರದಿ ಕೈಗೆ ಬರುವ ಮೊದಲು ಕೆಡಹುವ ಮಾತಾಡುವವರು ಕಟ್ಟಡವನ್ನು ಇನ್ನೂ ನೋಡಿಯೇ ಇಲ್ಲ.”

ಬೆಳೆಗಾರರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಅಜ್ಜನ ಮನೆಯ ಕತೆ ಹೇಳಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಏರುವ ಮೊದಲು ಕಣಿವೆಯ ಸಾವಿರಾರು ಕುಟುಂಬಗಳು ಊರು ಬಿಡಬೇಕಾಯಿತು. ಅವರ ಅಜ್ಜ ಮನೆಯನ್ನು ನೀರಿಗೆ ಬಿಡಲಿಲ್ಲ. ಹೆಂಚು ಇಳಿಸಿ, ರೀಪು ಕಳಚಿ, ಒಂದೊಂದು ತೊಲೆಗೂ ಕಂಬಕ್ಕೂ ಸುಣ್ಣದಲ್ಲಿ ಗುರುತು ಹಾಕಿ ಎತ್ತಿನ ಗಾಡಿಯಲ್ಲಿ ಸಾಗಿಸಿದ್ದರು. ಹೊಸ ಜಾಗದಲ್ಲಿ ಅದೇ ಕಂಬಗಳ ಮೇಲೆ ಇನ್ನೊಂದು ಮನೆ ಎದ್ದಿತು. ಇಂದಿಗೂ ಜಗಲಿಯ ಕಂಬದ ಮೇಲೆ ಆ ಗುರುತಿದೆ.

“ನಮ್ಮಲ್ಲಿ ಮನೆ ಕೆಡವಿದರು ಅಂತ ಯಾರೂ ಹೇಳುವುದಿಲ್ಲ. ಬಿಚ್ಚಿದರು ಅಂತ ಹೇಳುತ್ತಾರೆ,” ಎಂದರು. “ಕೆಡವಿದರೆ ಉಳಿಯುವುದು ಮಣ್ಣು. ಬಿಚ್ಚುವವನಿಗೆ ಯಾವುದು ಇನ್ನೂ ಗಟ್ಟಿ, ಯಾವುದು ಗೆದ್ದಲು ತಿಂದದ್ದು ಅಂತ ಗೊತ್ತಿರಬೇಕು.”

ಉಪನ್ಯಾಸಕಿಯ ಕೈ ಬರೆಯುವುದನ್ನು ನಿಲ್ಲಿಸಿತು. ತರಗತಿಗೆ ಹೇಳಬೇಕೆಂದು ವಾರದಿಂದ ಹುಡುಕುತ್ತಿದ್ದ ಮಾತು ಅದೇ ಆಗಿತ್ತು. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನದೇ ಶೇ. 7ರಿಂದ 8ರಷ್ಟು ಪಾಲು. ಐವತ್ತು ವರ್ಷದ ಹಿಂದೆ ಸುರಿದ ಕಾಂಕ್ರೀಟಿನ ಹೊಗೆ ಆಗಲೇ ಆಕಾಶ ಸೇರಿಯಾಗಿದೆ. ಚೌಕಟ್ಟು ಗಟ್ಟಿಯಿದ್ದರೆ ಅದನ್ನು ಪುಡಿಮಾಡಿ ಮತ್ತೆ ಅಷ್ಟನ್ನೇ ಸುರಿಯುವುದು ಎರಡನೇ ಸಲ ಅದೇ ಸಾಲ ಮಾಡಿದಂತೆ.

ಅವಳು ಪ್ಯಾರಿಸಿನ ಉದಾಹರಣೆ ಕೊಟ್ಟಳು. ಯುಟಿಲಿಟಿ ಬಿಲ್ಡಿಂಗಿನ ಕಾಲದ್ದೇ ಆದ ಮೊಂಪಾರ್ನಾಸ್ ಗೋಪುರ 1973ರಲ್ಲಿ ಆ ಹೆಸರಿನ ರೈಲು ನಿಲ್ದಾಣದ ಪಕ್ಕ ತೆರೆಯಿತು. ಸುಮಾರು 210 ಮೀಟರ್ ಎತ್ತರ, ತುಂಬ ಕಚೇರಿಗಳು. ಕಪ್ಪು ಗೋಡೆಯ ಆ ಕಟ್ಟಡವನ್ನು ಊರಿನ ಬಹಳ ಮಂದಿ ಮೆಚ್ಚಲಿಲ್ಲ, ಒಳಗೆ ಆಸ್ಬೆಸ್ಟಾಸ್ ಬೇರೆ ಸಿಕ್ಕಿತು. ಆದರೂ 2017ರ ಸ್ಪರ್ಧೆಯಲ್ಲಿ ಗೆದ್ದ ಯೋಜನೆ ಗೋಪುರದ ಎಲುಬನ್ನು ಉಳಿಸಿಕೊಂಡು ಹೊರಗೆ ಬೆಳಕು ಬಿಡುವ ಹೊಸ ಗಾಜು ತೊಡಿಸುವಂಥದ್ದು. ಒಡೆಯರು ಬಹಳ ಮಂದಿ ಇದ್ದುದರಿಂದ ಒಪ್ಪಂದ ಮಾಡಿಕೊಳ್ಳುವುದಕ್ಕೇ ವರ್ಷಗಳು ಹಿಡಿದವು.

“ಅಷ್ಟು ದೂರ ಎಂತಕ್ಕೆ?” ಎಂದರು ಬೆಳೆಗಾರರು. “ನಮ್ಮ ಅರಸಾಳು ಇದೆಯಲ್ಲ.”

ಹೊಸನಗರ ತಾಲೂಕಿನ ಅರಸಾಳು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಪುಟ್ಟ ನಿಲ್ದಾಣ. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್‌ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದಾಗ ತೀರ್ಥಹಳ್ಳಿ ತಾಲೂಕಿನ ಆಗುಂಬೆ ಮಾಲ್ಗುಡಿಯಾಯಿತು, ಅರಸಾಳು ಮಾಲ್ಗುಡಿಯ ರೈಲು ನಿಲ್ದಾಣವಾಯಿತು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ಹಳೆಯ ನಿಲ್ದಾಣದ ಕಟ್ಟಡ ಪಾಳುಬಿದ್ದಿತ್ತು. ಅದನ್ನು ನೆಲಸಮ ಮಾಡುವುದು ಅರ್ಧ ದಿನದ ಕೆಲಸ. ನೈರುತ್ಯ ರೈಲ್ವೆ ಹಾಗೆ ಮಾಡಲಿಲ್ಲ. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜರ ಕೈಯಲ್ಲಿ ಅದನ್ನು ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿತು. ಹಳೆಯ ಮೀಟರ್ ಗೇಜ್ ಡಬ್ಬಿಯೊಂದು ಅಲ್ಲಿ ಚಹಾದಂಗಡಿಯಾಗಿದೆ.

“ಅದು ನಾಲ್ಕು ಗೋಡೆಯ ಮನೆ, ಇದು ಇಪ್ಪತ್ತು ಮಹಡಿಯ ಕಚೇರಿ,” ಎಂದು ಹಿರಿಯರು ಸರಿಯಾಗಿಯೇ ನೆನಪಿಸಿದರು. “ಅರಸಾಳಿನಲ್ಲಿ ಬೆಂಕಿ ಬಿದ್ದರೆ ಬಾಗಿಲಲ್ಲಿ ಹೊರಗೆ ಓಡಬಹುದು. ಎತ್ತರದ ಕಟ್ಟಡದಲ್ಲಿ ಎಲ್ಲಿಗೆ ಓಡುವುದು? 2010ರ ಫೆಬ್ರವರಿ 23 ನನಗೆ ಮರೆಯುವುದಿಲ್ಲ.”

ಅಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಸತ್ತವರ ಮನೆಯವರು ಆಮೇಲೆ ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಘಟನೆ ಕಟ್ಟಿ ಅಗ್ನಿಸುರಕ್ಷೆಗಾಗಿ ದುಡಿಯುತ್ತ ಬಂದರು.

“ಮಾವ ಹೇಳುವುದು ನಿಜ,” ಎಂದು ಉಪನ್ಯಾಸಕಿ ಒಪ್ಪಿಕೊಂಡಳು. “ಅದಕ್ಕೇ ಬಣ್ಣ ಬಳಿದು ಗಾಜು ಹಾಕಿದರೆ ಪುನರ್ನಿರ್ಮಾಣ ಅನ್ನಿಸಿಕೊಳ್ಳುವುದಿಲ್ಲ. ಹೊಗೆ ನುಗ್ಗದಂತೆ ಗಾಳಿಯ ಒತ್ತಡ ಇರುವ ಎರಡು ಮೆಟ್ಟಿಲುದಾರಿ ಬೇಕು. ಪ್ರತಿ ಮಹಡಿಗೆ ನೀರು ಸಿಂಪಡಿಸುವ ವ್ಯವಸ್ಥೆ ಬೇಕು. ವೈರಿಂಗ್ ಪೂರ್ತಿ ಹೊಸದಾಗಬೇಕು. ಅಗ್ನಿಶಾಮಕ ದಳಕ್ಕೇ ಮೀಸಲಾದ ಲಿಫ್ಟ್ ಬೇಕು. ಹಳೇ ಚೌಕಟ್ಟಿನಲ್ಲಿ ಇದನ್ನೆಲ್ಲ ತೂರಿಸಲು ಆಗುವುದೇ ಇಲ್ಲ ಅಂತಾದರೆ ಆಗ ಬಿಚ್ಚೋಣ. ಆ ಲೆಕ್ಕವನ್ನು ವಿದ್ಯಾರ್ಥಿಗಳು ಮುಚ್ಚಿಡದೆ ತೋರಿಸಬೇಕು.”

ಮುರುಗಲ ಹಣ್ಣಿನ ಪಾನಕ ಬಂತು. ಕುಡಿಯುತ್ತ ಬೆಳೆಗಾರರು ಇನ್ನೊಂದು ಕೇಳಿದರು.

“ಸರಿ, ರಿಪೇರಿಯೋ ಹೊಸದೋ, ಕೆಲಸ ನಡೆಯುವಾಗ ಕೆಳಗಿನ ಅಂಗಡಿಯವರು ಎಲ್ಲಿಗೆ ಹೋಗುತ್ತಾರೆ?”

ಹಿರಿಯರೇ ಉತ್ತರ ಕೊಟ್ಟರು. ಜಯನಗರ 4ನೇ ಬ್ಲಾಕಿನ ಪಕ್ಕದಲ್ಲೇ ಅವರು ಬಹಳ ವರ್ಷ ಬಾಡಿಗೆಗಿದ್ದರು. ಅಲ್ಲಿನ ಹಳೆಯ ವ್ಯಾಪಾರ ಸಂಕೀರ್ಣ, ಪುಟ್ಟಣ್ಣ ಚಿತ್ರಮಂದಿರ ಅವರ ಸಂಜೆಗಳ ಭಾಗವಾಗಿದ್ದವು. ಚಿತ್ರಮಂದಿರ ಉರುಳಿತು, ಹೊಸ ಕಟ್ಟಡ ಪೂರ್ತಿ ಎದ್ದು ನಿಲ್ಲಲು ವರ್ಷಗಳ ಮೇಲೆ ವರ್ಷ ಹಿಡಿಯಿತು. “ಒಂದು ತಿಂಗಳು ಬಾಗಿಲು ಹಾಕಿದರೆ ಗಿರಾಕಿ ಬೇರೆ ಅಂಗಡಿ ಹುಡುಕಿಕೊಳ್ಳುತ್ತಾನೆ. ವರ್ಷಗಟ್ಟಲೆ ಅಂದರೆ ವ್ಯಾಪಾರಸ್ಥನ ಮಗ ಬೇರೆ ಕಸುಬು ಹಿಡಿದಿರುತ್ತಾನೆ.”

ಬೆಳೆಗಾರರ ದನಿ ಗಟ್ಟಿಯಾಯಿತು. “ನಾವು ಅರುವತ್ತು ವರ್ಷದಿಂದ ಕಾಯುತ್ತಿದ್ದೇವೆ. ಶರಾವತಿ ಮುಳುಗಡೆಯವರನ್ನು ಕಾಡಿನ ಜಾಗದಲ್ಲಿ ತಂದು ಕೂರಿಸಿದರು. ಎಷ್ಟೋ ಮನೆಗಳಿಗೆ ಇನ್ನೂ ಹಕ್ಕುಪತ್ರ ಸರಿಯಾಗಿಲ್ಲ. 1965ರಲ್ಲಿ ಶರಾವತಿಯ ಮೊದಲ ಯಂತ್ರ ತಿರುಗಿತು. ಮುಂದೆ ಹತ್ತು ಯಂತ್ರ ಸೇರಿ 1,035 ಮೆಗಾವಾಟ್ ಆಯಿತು. ಬೆಂಗಳೂರಿನ ಆ ಎತ್ತರದ ಕಟ್ಟಡಗಳ ಲಿಫ್ಟು ಮೊದಮೊದಲು ಮೇಲೇರಿದ್ದು ನಮ್ಮ ಕಣಿವೆಯ ಕರೆಂಟಿನಲ್ಲೇ. ಅದಕ್ಕೇ ಕೇಳುತ್ತಿದ್ದೇನೆ. ವಾಪಸು ಜಾಗ ಕೊಡುತ್ತೇವೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಯಾವ ಮಳಿಗೆ, ಎಷ್ಟು ಅಳತೆ, ಯಾವ ತಾರೀಖು, ತಡವಾದರೆ ತಿಂಗಳಿಗೆ ಎಷ್ಟು ಪರಿಹಾರ, ಇಷ್ಟೂ ಮೊದಲ ಗುದ್ದಲಿ ಬೀಳುವ ಮುಂಚೆ ಕಾಗದದ ಮೇಲೆ ಬರಬೇಕು.”

ಯಾರೂ ತುಸು ಹೊತ್ತು ಮಾತಾಡಲಿಲ್ಲ.

ಆಮೇಲೆ ಹಿರಿಯರು ದುಡ್ಡಿನ ವಿಷಯ ಎತ್ತಿದರು. ಅಂಗಡಿಯವರಿಗೆ ಪರಿಹಾರ, ಕಂಬಕ್ಕೆ ಅಂಗಿ, ಹೊಸ ಮೆಟ್ಟಿಲು, ಇದಕ್ಕೆಲ್ಲ ಹಣ ಎಲ್ಲಿಂದ? ಹೆಚ್ಚುವರಿ ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟರೆ ಮಾತ್ರ ಬರುತ್ತದೆ ಎಂಬುದು ಅವರ ವಾದ.

ಬಾಡಿಗೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಬೆಂಗಳೂರಿನಲ್ಲೇ ಪಾಠವಿದೆ. ಜೆ-ನರ್ಮ್ ಯೋಜನೆಯ ನೆರವಿನಲ್ಲಿ ಬಿಎಂಟಿಸಿ ಶಾಂತಿನಗರ, ಯಶವಂತಪುರ, ವಿಜಯನಗರ, ಬನಶಂಕರಿ, ಕೋರಮಂಗಲ, ದೊಮ್ಮಲೂರು ಮೊದಲಾದ ಹತ್ತು ಕಡೆ ಟಿಟಿಎಂಸಿ ಎಂಬ ಬಸ್ ನಿಲ್ದಾಣ ಸಂಕೀರ್ಣಗಳನ್ನು ಕಟ್ಟಿತು. ಕೆಳಗೆ ಬಸ್ಸು, ಮೇಲೆ ಬಾಡಿಗೆಯ ಮಹಡಿಗಳು, ಆ ಆದಾಯದಲ್ಲಿ ಬಸ್ಸು ಓಡಿಸುವ ಆಲೋಚನೆ ಒಳ್ಳೆಯದೇ ಆಗಿತ್ತು. ಆದರೆ ಅನೇಕ ಮಹಡಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ಹಾಂಕಾಂಗಿನ ಎಂಟಿಆರ್ ಸಂಸ್ಥೆ ನಿಲ್ದಾಣದ ಮೇಲೂ ಸುತ್ತಲೂ ಮನೆ, ಮಾಲ್, ಕಚೇರಿ ಕಟ್ಟಿಸಿ ಬಂದ ಲಾಭದಿಂದ ರೈಲುಮಾರ್ಗಕ್ಕೆ ಹಣ ಹೊಂದಿಸುತ್ತದೆ ನಿಜ. ಅಲ್ಲಿ ರೈಲನ್ನೂ ಜಾಗವನ್ನೂ ಒಂದೇ ಸಂಸ್ಥೆ ಒಟ್ಟಿಗೆ ಯೋಜಿಸುತ್ತದೆ. ನಮ್ಮಲ್ಲಿ ಮೆಟ್ರೊ ಒಂದು ನಿಗಮದ್ದು, ಬಸ್ಸು ಇನ್ನೊಂದರದ್ದು, ಕಟ್ಟಡ ಪಾಲಿಕೆಯದ್ದು. ಮೂರರ ನಡುವೆ ಒಂದು ಬಾಗಿಲು ಒಡೆಯುವುದಕ್ಕೂ ಮೂರು ಕಡತ ಓಡಾಡಬೇಕು.

“ಇನ್ನೊಂದು ದಾರಿ ಇದೆ,” ಎಂದಳು ಉಪನ್ಯಾಸಕಿ. “ಟೋಕಿಯೋ ರೈಲು ನಿಲ್ದಾಣ ಶುರುವಾದದ್ದು 1914ರಲ್ಲಿ. 1945ರ ಬಾಂಬ್ ದಾಳಿಯಲ್ಲಿ ಅದರ ಗುಮ್ಮಟಗಳೂ ಮೂರನೇ ಮಹಡಿಯೂ ಸುಟ್ಟುಹೋದವು. ಸುತ್ತ ಗಗನಚುಂಬಿಗಳು ಎದ್ದರೂ ಇಟ್ಟಿಗೆಯ ಆ ನಿಲ್ದಾಣವನ್ನು ಕೆಡವಲಿಲ್ಲ. ಅದರ ಮೇಲೆ ಕಟ್ಟಬಹುದಾಗಿದ್ದ, ಆದರೆ ಕಟ್ಟದೆ ಬಿಟ್ಟ ಎತ್ತರದ ಹಕ್ಕನ್ನು ನೆರೆಯ ಕಟ್ಟಡಗಳಿಗೆ ಮಾರಿದರು. ಸುಮಾರು 5,000 ಕೋಟಿ ಯೆನ್ ಖರ್ಚಿನ ಜೀರ್ಣೋದ್ಧಾರಕ್ಕೆ ಹಣ ಹಾಗೆ ಹುಟ್ಟಿತು. 2012ಕ್ಕೆ ಗುಮ್ಮಟ ಮರಳಿ ಬಂತು. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ನಾವು ಟಿಡಿಆರ್ ಅಂತ ಬೇರೆಡೆ ಕಟ್ಟುವ ಹಕ್ಕು ಕೊಡುತ್ತೇವಲ್ಲ, ಅದರ ಬಂಧುವೇ ಇದು.”

“ಹಾಗಾದರೆ ಆಕಾಶವನ್ನೂ ಮಾರಬಹುದು ಅನ್ನು,” ಎಂದರು ಬೆಳೆಗಾರರು. ಅವರ ಮುಖದಲ್ಲಿ ನಿಜವಾದ ಬೆರಗಿತ್ತು.

“ಮಾರಬಹುದು. ನೆಲ ಮಾತ್ರ ಕೈಯಲ್ಲೇ ಉಳಿಯುತ್ತದೆ.”

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಿರಿಯರು ತಮ್ಮ ಮೊದಲ ಮಾತನ್ನು ಅರ್ಧ ಹಿಂತೆಗೆದುಕೊಂಡಿದ್ದರು. ಪರೀಕ್ಷೆಯ ವರದಿ ನೋಡಿ ತೀರ್ಮಾನಿಸಲಿ ಎಂದರು. ಆದರೆ ಅವರಿಗೊಂದು ಬೇಡಿಕೆ ಉಳಿದಿತ್ತು, ಅದನ್ನು ಬಹಳ ಸಂಕೋಚದಿಂದ ಹೇಳಿದರು. ಎಂ.ಜಿ. ರಸ್ತೆಯಲ್ಲಿ ಹಿಂದೆ ಕಾಗದದ ಹೂವಿನ ಬಳ್ಳಿ ಹಬ್ಬಿದ್ದ ನಡೆದಾರಿ ಇತ್ತು. ಮೆಟ್ರೊ ಬರುವಾಗ ಅದು ಹೋಯಿತು. ನಿಲ್ದಾಣದ ಕೆಳಗೆ ರಂಗೋಲಿ ಕಲಾಕೇಂದ್ರ ಬಂದಾಗ ಒಂದಷ್ಟು ನಡೆಯುವ, ಕೂರುವ ಜಾಗ ಮತ್ತೆ ಸಿಕ್ಕಿತು. ಆ ನಡಿಗೆ ಕಟ್ಟಡದ ಒಳಕ್ಕೂ ಹರಿದು ಹೋಗಬೇಕು. ರೈಲು ಇಳಿದವನು ಭದ್ರತಾ ಸಿಬ್ಬಂದಿಗೆ ಉತ್ತರ ಕೊಡದೆ, ಏನನ್ನೂ ಕೊಳ್ಳದೆ ನೆರಳಿನಲ್ಲಿ ನಡೆದು ಆಚೆ ಬೀದಿ ಸೇರುವಂತಿರಬೇಕು. ಶಂಕರ್‌ನಾಗ್ ಹೆಸರಿನಲ್ಲಿ ನಾಟಕಕ್ಕೂ ಸಿನಿಮಾಕ್ಕೂ ಒಂದು ಸಭಾಂಗಣ ಇರಬೇಕು. “ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲೇ ನೀನಾಸಂ ಕಟ್ಟಿದರು. ಅಷ್ಟು ದೊಡ್ಡ ಊರಿನ ನಡುಮಧ್ಯೆ ಒಂದು ರಂಗಮಂದಿರಕ್ಕೆ ಜಾಗ ಹೆಚ್ಚಾಯಿತೇ?”

“ಕೂರುವುದಕ್ಕೆ?” ಎಂದು ಉಪನ್ಯಾಸಕಿ ಕೇಳಿದಳು.

“ಹೌದು, ಅದೇ. ನಾನು ವಯಸ್ಸಾದವನು. ಕೂರುವುದಕ್ಕೆ.”

ಸಂಜೆ ಸಾಗರ ಜಂಬಗಾರು ನಿಲ್ದಾಣಕ್ಕೆ ಇಬ್ಬರೂ ಬಂದು ಆಕೆಯನ್ನು ರೈಲು ಹತ್ತಿಸಿದರು. ಬೆಳೆಗಾರರು ಒಂದು ಚೀಲದಲ್ಲಿ ಮುರುಗಲ ಸಿಪ್ಪೆ ಕಟ್ಟಿಕೊಟ್ಟರು. ಗಾಡಿ ಕಾಡಿನೊಳಗೆ ಸಾಗುತ್ತಿದ್ದಾಗ ಅವಳು ತರಗತಿಯ ಕಾಗದವನ್ನು ಮೊದಲಿನಿಂದ ಬರೆದಳು. ಹಿಂದಿನ ಕರಡಿನಲ್ಲಿ ವಿದ್ಯಾರ್ಥಿಗಳು ಮೊದಲು ಒಪ್ಪಿಸಬೇಕಾಗಿದ್ದುದು ಕಟ್ಟಡದ ಹೊರನೋಟದ ಚಿತ್ರ. ಅದನ್ನು ಹೊಡೆದುಹಾಕಿದಳು. ಮೊದಲ ಹಾಳೆ, ಕಂಬಗಳ ಪಟ್ಟಿ: ಪ್ರತಿ ಕಂಬಕ್ಕೂ ಒಂದು ಸಂಖ್ಯೆ, ಅದರ ಪರೀಕ್ಷೆಯ ವಿಧಾನ. ಎರಡನೆಯದು, ಈಗಿರುವ ಮಳಿಗೆಗಳ ಪಟ್ಟಿ, ಅವು ಮರಳುವ ಜಾಗ ಮತ್ತು ತಾರೀಖು. ಮೂರನೆಯದು, ನಿಲ್ದಾಣದ ಮೆಟ್ಟಿಲಿನಿಂದ ಹಿಂದಿನ ಬೀದಿಯವರೆಗೆ ನೆಲಮಟ್ಟದ ನಕ್ಷೆ. ಹೊರನೋಟ ಕೊನೆಗೆ.

ಅರಸಾಳು ಬಂದಾಗ ಅವಳು ಕಿಟಕಿಗೆ ಹಣೆ ಒತ್ತಿ ನೋಡಿದಳು. ಕತ್ತಲಲ್ಲಿ ಹಳೆಯ ಕಟ್ಟಡದ ಹೆಂಚಿನ ಅಂಚು ಒಂದು ಕ್ಷಣ ಕಂಡು ಹಿಂದೆ ಸರಿಯಿತು. ಪುಸ್ತಕ ತೆರೆದು ಮೂರನೆಯ ಹಾಳೆಯ ಎದುರು ಇನ್ನೊಂದು ಸಾಲು ಸೇರಿಸಿದಳು: ಬೆಂಚುಗಳು, ಬೆನ್ನಿಗೆ ಆನಿಕೆ ಇರುವಂಥವು, ಎಷ್ಟು ಮತ್ತು ಎಲ್ಲೆಲ್ಲಿ ಎಂದು ಗುರುತಿಸಿ.